ಕೇಳಿಯೂ ಕೇಳದಂತಿರುವ ಸಂಗೀತ

ದಾವಣಗೆರೆಯ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾರಂತೆ. ದಿನಕ್ಕೆ ಎಂಟು ಒಂಬತ್ತು ಗಂಟೆ ಕಿವಿಯಲ್ಲಿ ಇಯರ್‌ಫೋನ್. ‘ಸಿನಿಮಾ ಹಾಡಾದರೂ ಕೇಳಿದರೆ ಅರ್ಥವಿದೆ ಡಾಕ್ಟರೇ. ಇವನು ಕೇಳುವುದರಲ್ಲಿ ಹಾಡೂ ಇಲ್ಲ, ತಾಳವೂ ಇಲ್ಲ. ಫ್ರಿಜ್ ಗುಂಯ್‌ಗುಟ್ಟಿದ ಹಾಗೆ ಏನೋ ಒಂದು ಸದ್ದು. ಯಾಕೋ ಎಂದರೆ, ಇದಿಲ್ಲದಿದ್ದರೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ ಎನ್ನುತ್ತಾನೆ. ಇದರಿಂದ ತಲೆಗೇನಾದರೂ ತೊಂದರೆಯೇ? ಕಿವಿ ಉಳಿಯುತ್ತದೆಯೇ?’

ಮೊದಲ ಪ್ರಶ್ನೆಗೆ ಉತ್ತರ ಸುಲಭ. ತಲೆಗೆ ತೊಂದರೆಯೇನೂ ಇಲ್ಲ. ಎರಡನೆಯದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಏಕೆಂದರೆ ಇಂದು ಮನೆಮನೆಯಲ್ಲೂ ಒಬ್ಬರಾದರೂ ಹೀಗೆ ಕಿವಿ ಮುಚ್ಚಿಕೊಂಡು ಕೆಲಸ ಮಾಡುವವರಿದ್ದಾರೆ. ಪರೀಕ್ಷೆಗೆ ಓದುವ ಮಕ್ಕಳದೂ ಇದೇ ಅಭ್ಯಾಸ.

ಹಾಸಿಗೆಯಲ್ಲಿ ಹೊಳೆದದ್ದು

ಆ ಯುವಕ ಕೇಳುತ್ತಿರುವುದನ್ನು ಇಂಗ್ಲಿಷಿನಲ್ಲಿ ಆ್ಯಂಬಿಯೆಂಟ್ ಮ್ಯೂಸಿಕ್ ಎನ್ನುತ್ತಾರೆ. ಕೋಣೆಯ ಗಾಳಿ, ಬೆಳಕುಗಳಂತೆ ಸುಮ್ಮನೆ ಸುತ್ತಲೂ ಇರುವ ಸಂಗೀತ ಎಂದು ಅರ್ಥ ಮಾಡಿಕೊಳ್ಳಬಹುದು. ಹೆಚ್ಚಿನ ಪಾಲು ಸಿಂಥಸೈಜರ್ ಮುಂತಾದ ವಿದ್ಯುನ್ಮಾನ ಉಪಕರಣಗಳಲ್ಲಿ ತಯಾರಾಗುತ್ತದೆ. ಪಲ್ಲವಿ, ಚರಣ ಇರುವುದಿಲ್ಲ. ಒಂದು ಸ್ವರ ಮೆಲ್ಲಗೆ ಏಳುತ್ತದೆ, ಇನ್ನೊಂದು ಬಂದು ಅದರೊಡನೆ ಬೆರೆಯುತ್ತದೆ, ಎರಡೂ ಕರಗುತ್ತವೆ.

ವೈದ್ಯನಾದ ನನಗೆ ಇದರ ಹುಟ್ಟಿನ ಕಥೆಯಲ್ಲಿ ವಿಶೇಷ ಆಸಕ್ತಿ. ಬ್ರಯಾನ್ ಈನೊ ಎಂಬ ಇಂಗ್ಲೆಂಡಿನ ಸಂಗೀತಗಾರರಿಗೆ 1975ರ ಜನವರಿಯಲ್ಲಿ ಟ್ಯಾಕ್ಸಿಯೊಂದು ಡಿಕ್ಕಿ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದಾಗ ನೋಡಲು ಬಂದ ಗೆಳತಿಯೊಬ್ಬರು 18ನೇ ಶತಮಾನದ ಹಾರ್ಪ್ ವಾದನದ ಗ್ರಾಮಫೋನ್ ತಟ್ಟೆಯೊಂದನ್ನು ಕೊಟ್ಟುಹೋದರು. ಈನೊ ಕಷ್ಟಪಟ್ಟು ಎದ್ದು ತಟ್ಟೆ ಹಾಕಿ ಮತ್ತೆ ಮಲಗಿದ ಮೇಲೆ ನೋಡಿದರೆ ಧ್ವನಿ ಬಹಳ ಕಡಿಮೆ. ಸ್ಟೀರಿಯೋದ ಎರಡು ಭಾಗಗಳಲ್ಲಿ ಒಂದು ಕೆಟ್ಟಿದೆ. ಪುನಃ ಏಳುವ ಶಕ್ತಿ ಇರಲಿಲ್ಲ. ಹೊರಗೆ ಮಳೆ. ಮಳೆಯ ಸದ್ದಿನ ನಡುವೆ ಹಾರ್ಪಿನ ಒಂದೊಂದು ಸ್ವರ ಮಾತ್ರ ಕೇಳಿಬರುತ್ತಿತ್ತು. ಸಂಗೀತವೂ ಮಳೆಯ ಹಾಗೆ ಪರಿಸರದ ಒಂದು ಭಾಗವಾಗಿ ಇರಬಹುದಲ್ಲ ಎಂದು ಅವರಿಗೆ ಹೊಳೆದದ್ದು ಆಗ. ಅದೇ ವರ್ಷ ‘ಡಿಸ್ಕ್ರೀಟ್ ಮ್ಯೂಸಿಕ್’ ಎಂಬ ತಟ್ಟೆ ಹೊರಬಂತು. ಅದರ ಒಂದು ಬದಿಯ ತುಂಬ ಅರ್ಧ ಗಂಟೆಯ ಒಂದೇ ರಚನೆ.

1978ರಲ್ಲಿ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಬಂತು. ವಿಮಾನ ನಿಲ್ದಾಣದಲ್ಲಿ ಕಾಯುವವರ ಆತಂಕ ತಗ್ಗಿಸಬೇಕು, ಆದರೆ ಅವರ ಮಾತುಕತೆಗೆ ಅಡ್ಡ ಬರಬಾರದು ಎಂಬುದು ಉದ್ದೇಶ. ಅದರಲ್ಲಿ ಒಂದು ರಚನೆಯನ್ನು ಮಾಡಿದ ಬಗೆ ಸ್ವಾರಸ್ಯಕರವಾಗಿದೆ. ಹಾಡುಗಾರರ ಒಂದೊಂದೇ ಸ್ವರವನ್ನು ಧ್ವನಿಸುರುಳಿಯಲ್ಲಿ ಹಿಡಿದು, ಸುರುಳಿಯ ಎರಡು ತುದಿಗಳನ್ನೂ ಅಂಟಿಸಿ ಬಳೆಯಂತೆ ತಿರುಗಲು ಬಿಟ್ಟರು. ಒಂದು ಬಳೆ ಇಪ್ಪತ್ಮೂರೂವರೆ ಸೆಕೆಂಡಿಗೊಮ್ಮೆ ಸುತ್ತಿದರೆ ಇನ್ನೊಂದಕ್ಕೆ ಸುಮಾರು 26 ಸೆಕೆಂಡು, ಮತ್ತೊಂದಕ್ಕೆ ಸುಮಾರು 30. ಅಳತೆ ಹೊಂದದ ಕಾರಣ ಅವು ಮತ್ತೆ ಮತ್ತೆ ಬೇರೆ ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಹೊಸತೇನೂ ಬಂದಂತಿಲ್ಲ, ಹಳೆಯದೇ ಮರಳಿದಂತೆಯೂ ಇಲ್ಲ. ಕೆಲಸದ ಹೊತ್ತಿಗೆ ಈ ಸಂಗೀತ ಏಕೆ ಒಗ್ಗುತ್ತದೆ ಎಂಬುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ಈ ವಿಚಾರ ಪೂರ್ತಿ ಹೊಸದೇನಲ್ಲ. ಫ್ರಾನ್ಸಿನ ಎರಿಕ್ ಸಾತಿ 1920ರಲ್ಲಿ ಪ್ಯಾರಿಸ್ಸಿನಲ್ಲಿ ‘ಪೀಠೋಪಕರಣ ಸಂಗೀತ’ ಎಂದು ನುಡಿಸಿ, ದಯವಿಟ್ಟು ಯಾರೂ ಕೇಳಬೇಡಿ, ಓಡಾಡಿಕೊಂಡು ಮಾತಾಡುತ್ತಿರಿ ಎಂದು ಸಭಿಕರನ್ನು ಬೇಡಿಕೊಂಡರಂತೆ. ಸಭಿಕರು ಶಿಸ್ತಾಗಿ ಕುಳಿತು ಕೇಳಿಬಿಟ್ಟರು!

ಬೀಸುವ ಕಲ್ಲು ಮತ್ತು ಕಂಪ್ಯೂಟರ್

‘ನಮ್ಮಜ್ಜಿಯರು ಹಾಡಿಕೊಂಡೇ ಕೆಲಸ ಮಾಡುತ್ತಿದ್ದರಲ್ಲ, ಹಾಡು ಕೇಳುತ್ತ ಕೆಲಸ ಮಾಡಿದರೇನು?’ ಎಂದು ಕೇಳುವವರುಂಟು. ನಿಜ. ರಾಗಿ ಬೀಸುವಾಗ, ಭತ್ತ ಕುಟ್ಟುವಾಗ, ನಾಟಿ ಹಾಕುವಾಗ ಹಾಡುತ್ತಿದ್ದರು. ಅಲ್ಲಿ ಹಾಡಿನ ಲಯವೂ ಕೈಯ ಲಯವೂ ಒಂದೇ. ಹಾಡು ದಣಿವನ್ನು ಮರೆಸುತ್ತಿತ್ತು, ಕೈ ತಪ್ಪದಂತೆ ನೋಡಿಕೊಳ್ಳುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಬಿಬಿಸಿ ರೇಡಿಯೊ ಕಾರ್ಖಾನೆಗಳ ಕೆಲಸಗಾರರಿಗೆಂದೇ ದಿನಕ್ಕೆರಡು ಬಾರಿ ಸಂಗೀತ ಪ್ರಸಾರ ಮಾಡಿದ್ದೂ ಇದೇ ತತ್ವದ ಮೇಲೆ.

ಆದರೆ ಲೆಕ್ಕ ಬರೆಯುವುದು, ಪತ್ರ ಸಿದ್ಧಪಡಿಸುವುದು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ಬೀಸುವ ಕಲ್ಲಿನ ಕೆಲಸವಲ್ಲ. ಇಲ್ಲಿ ದುಡಿಯುವುದು ಮೆದುಳಿನ ಒಳಮಾತು. ಯಾರಾದರೂ ಫೋನ್ ನಂಬರ್ ಹೇಳಿದರೆ ಬರೆದುಕೊಳ್ಳುವವರೆಗೆ ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇವಲ್ಲ, ಆ ಒಳಮಾತು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ನಂಬರ್ ಹಾರಿಹೋಗುತ್ತದೆ.

ಇದನ್ನು ಮನೋವಿಜ್ಞಾನಿಗಳು ಪ್ರಯೋಗಗಳಲ್ಲಿ ಅಳೆದಿದ್ದಾರೆ. 1976ರಲ್ಲಿ ಪ್ರಕಟವಾದ ಕೋಲ್ ಮತ್ತು ವೆಲ್ಷ್ ಎಂಬವರ ಪ್ರಯೋಗದಲ್ಲಿ ನೆನಪಿಡುವ ಕೆಲಸ ಕೊಟ್ಟು, ಹಿನ್ನೆಲೆಯಲ್ಲಿ ಜರ್ಮನ್ ಭಾಷೆಯ ಓದನ್ನು ಕೇಳಿಸಿದರು. ಕೇಳುತ್ತಿದ್ದವರಿಗೆ ಆ ಭಾಷೆ ಬಾರದು, ಗಮನ ಕೊಡಬೇಡಿ ಎಂದೂ ಹೇಳಲಾಗಿತ್ತು. ಆದರೂ ತಪ್ಪುಗಳು ಹೆಚ್ಚಿದವು. ಮುಂದೆ ಸಲಾಮೆ ಮತ್ತು ಬ್ಯಾಡ್ಲಿ ಎಂಬ ಸಂಶೋಧಕರು 1989ರಲ್ಲಿ, ಬರೀ ವಾದ್ಯ ಸಂಗೀತಕ್ಕಿಂತ ಹಾಡುಗಾರಿಕೆ ಇಂಥ ನೆನಪನ್ನು ಹೆಚ್ಚು ಕೆಡಿಸುತ್ತದೆ ಎಂದು ತೋರಿಸಿದರು. ಆದ್ದರಿಂದ ‘ಇಂಗ್ಲಿಷ್ ಹಾಡಿನ ಮಾತು ನನಗೆ ತಿಳಿಯುವುದೇ ಇಲ್ಲ, ಹಾಗಾಗಿ ಓದಿಗೆ ತೊಂದರೆಯಿಲ್ಲ’ ಎಂದು ಮಕ್ಕಳು ಹೇಳಿದರೆ ಒಪ್ಪಬೇಕಾಗಿಲ್ಲ. ಅರ್ಥ ತಿಳಿಯದಿದ್ದರೂ ಮಾತು ಮಾತೇ. ಮೆದುಳು ಅದಕ್ಕೆ ಬಾಗಿಲು ತೆರೆದೇ ತೆರೆಯುತ್ತದೆ.

ಇನ್ನೊಂದು ಸಂಗತಿ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ನಾವೆಲ್ಲ ತಿರುಗಿ ನೋಡುತ್ತೇವೆ. ಹಠಾತ್ತನೆ ಬದಲಾಗುವ ಸದ್ದಿನತ್ತ ಗಮನ ಹರಿಯುವುದು ಪ್ರಾಣಿಸಹಜ ರಕ್ಷಣೆ. ಮಾತಿಲ್ಲದ, ಥಟ್ಟನೆ ಏರಿಳಿಯದ ಸಂಗೀತ ಈ ಎರಡು ಬಲೆಗಳನ್ನೂ ತಪ್ಪಿಸುತ್ತದೆ. ಜೊತೆಗೆ ಪಕ್ಕದ ಮನೆಯ ಮಿಕ್ಸಿ, ಬೀದಿಯ ಹಾರನ್, ಹಜಾರದ ಟಿ.ವಿ. ಧಾರಾವಾಹಿ ಇವುಗಳ ಮೇಲೆ ತೆಳುವಾದ ಪರದೆ ಎಳೆಯುತ್ತದೆ. ನಮ್ಮ ಮನೆಗಳಲ್ಲಿ ಇದೇ ಇದರ ದೊಡ್ಡ ಪ್ರಯೋಜನ ಎಂದು ನನ್ನ ಅನಿಸಿಕೆ. ನಿಶ್ಶಬ್ದವಾದ ಕೋಣೆ ಸಿಗುವವರಿಗೆ ಈ ಸಂಗೀತದ ಅಗತ್ಯ ಅಷ್ಟಾಗಿ ಇಲ್ಲ. ಕಷ್ಟದ ಪಾಠ ಓದಿ ಅರ್ಥ ಮಾಡಿಕೊಳ್ಳಲು, ಬಾಯಿಪಾಠ ಮಾಡಲು ಮೌನಕ್ಕಿಂತ ಒಳ್ಳೆಯ ಸಂಗೀತವಿಲ್ಲ. ಚಿತ್ರ ಬರೆಯುವುದು, ನಕಲು ಮಾಡುವುದು, ಗೊತ್ತಿರುವ ಲೆಕ್ಕಗಳನ್ನೇ ಮತ್ತೆ ಮಾಡುವುದು ಇವಕ್ಕೆ ಅಡ್ಡಿಯಿಲ್ಲ.

ಪಿ.ಯು.ಸಿ. ಓದುವ ಮಕ್ಕಳೊಡನೆ ಈ ಬಗ್ಗೆ ಜಗಳವಾಡುವ ಬದಲು ಪರೀಕ್ಷಿಸಿ ನೋಡಿ. ಎರಡು ದಿನ ಸಂಗೀತದೊಡನೆ, ಎರಡು ದಿನ ಸಂಗೀತವಿಲ್ಲದೆ ಒಂದೇ ಬಗೆಯ ಪಾಠ ಓದಲಿ. ಮರುದಿನ ಬೆಳಗ್ಗೆ ಎಷ್ಟು ನೆನಪಿದೆ ಎಂದು ಬರೆಯಲಿ. ತೀರ್ಪನ್ನು ಆ ಹಾಳೆಯೇ ಕೊಡುತ್ತದೆ.

ಅತಿಯಾದ ಆಸೆ ಬೇಡ

ಸಂಗೀತ ಕೇಳಿದರೆ ಬುದ್ಧಿ ಹೆಚ್ಚುತ್ತದೆ ಎಂಬ ಪ್ರಚಾರ ಬಹಳ ಇದೆ. ಇದರ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಲೇಖನ. ಮೊಜಾರ್ಟ್ ಸಂಗೀತವನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು, ಆಕಾರಗಳನ್ನು ಮನಸ್ಸಿನಲ್ಲಿ ಮಡಚಿ ಬಿಚ್ಚುವಂಥ ಒಂದು ಪರೀಕ್ಷೆಯಲ್ಲಿ ತುಸು ಚೆನ್ನಾಗಿ ಮಾಡಿದರು. ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಅಷ್ಟಕ್ಕೇ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಬೇಕೆಂದು ಹೊರಟರು! ಆಮೇಲಿನ ಅಧ್ಯಯನಗಳಲ್ಲಿ ಕಂಡದ್ದು ಇಷ್ಟೆ: ಇಷ್ಟವಾದದ್ದನ್ನು ಕೇಳಿದಾಗ ಮನಸ್ಸು ಸ್ವಲ್ಪ ಹೊತ್ತು ಲವಲವಿಕೆಯಿಂದಿರುತ್ತದೆ.

ಅಂತರ್ಜಾಲದಲ್ಲಿ ಈಗ ‘ಏಕಾಗ್ರತೆಗೆ ಆಲ್ಫಾ ತರಂಗ’, ‘432 ಹರ್ಟ್ಸ್, ಸರ್ವರೋಗ ನಿವಾರಕ’ ಎಂಬ ಹೆಸರಿನ ಧ್ವನಿಗಳು ಹೇರಳವಾಗಿ ಸಿಗುತ್ತವೆ. ಎರಡು ಕಿವಿಗಳಿಗೆ ತುಸು ಬೇರೆ ಬೇರೆ ಸ್ವರ ಕೇಳಿಸಿದರೆ ಮೆದುಳಿನಲ್ಲಿ ಮಿಡಿತದಂಥ ಅನುಭವ ಆಗುವುದು ನಿಜ. ಅದರಿಂದ ಏಕಾಗ್ರತೆ ಬರುತ್ತದೆಯೇ ಎಂಬ ಬಗ್ಗೆ ಪ್ರಯೋಗಗಳು ಒಂದೇ ಮಾತು ಹೇಳುತ್ತಿಲ್ಲ. ಕೇಳಲು ಹಿತವಾಗಿದ್ದರೆ ಕೇಳಿ. ಆದರೆ ಅದನ್ನು ನಂಬಿ ರಕ್ತದೊತ್ತಡದ ಮಾತ್ರೆ ನಿಲ್ಲಿಸಿ ಬರುವವರನ್ನು ನಾನು ನೋಡುತ್ತಿದ್ದೇನೆ. ಹಾಗೆ ಖಂಡಿತ ಮಾಡಬೇಡಿ.

ಹಾಗಾದರೆ ದೇಹದ ಮೇಲೆ ಸಂಗೀತದ ಪರಿಣಾಮ ಇಲ್ಲವೇ? ಇದೆ, ಅಳೆಯುವಷ್ಟು ಇದೆ. 1994ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 50 ಮಂದಿ ಶಸ್ತ್ರವೈದ್ಯರ ಮೇಲಿನ ಅಧ್ಯಯನ ಪ್ರಕಟವಾಯಿತು. ಮನಸ್ಸಿನಲ್ಲೇ ಲೆಕ್ಕ ಮಾಡುವ ಕೆಲಸ ಕೊಟ್ಟಾಗ, ತಾವೇ ಆರಿಸಿದ ಸಂಗೀತ ಕೇಳುತ್ತಿದ್ದವರ ನಾಡಿ, ರಕ್ತದೊತ್ತಡ ಕಡಿಮೆ ಏರಿದವು, ಲೆಕ್ಕವೂ ಚುರುಕಾಗಿತ್ತು. ಬೇರೆಯವರು ಆರಿಸಿಕೊಟ್ಟ ಸಂಗೀತದಿಂದ ಅಷ್ಟು ಲಾಭವಾಗಲಿಲ್ಲ. ಕಚೇರಿಗಳಲ್ಲಿ ಎಲ್ಲರಿಗೂ ಸೇರಿಸಿ ಒಂದೇ ಧ್ವನಿವರ್ಧಕ ಹಾಕುವವರು ಇದನ್ನು ಗಮನಿಸಬೇಕು.

2006ರಲ್ಲಿ ‘ಹಾರ್ಟ್’ ಪತ್ರಿಕೆಯಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನನಗೆ ಇನ್ನೂ ಮುಖ್ಯವೆನಿಸುತ್ತದೆ. 24 ಜನರಿಗೆ ಸಿತಾರಿನ ರಾಗದಿಂದ ಹಿಡಿದು ಟೆಕ್ನೊವರೆಗೆ ಹಲವು ಬಗೆಯ ಸಂಗೀತ ಕೇಳಿಸಿ ಉಸಿರಾಟ, ನಾಡಿ, ರಕ್ತದೊತ್ತಡ ದಾಖಲಿಸಿದರು. ವೇಗದ ಲಯಕ್ಕೆ ಎಲ್ಲವೂ ಏರಿದವು. ಅವರ ನಿರೀಕ್ಷೆ ಮೀರಿದ ಫಲ ಬೇರೆ ಕಡೆ ಇತ್ತು. ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದಾಗ ನಾಡಿ, ರಕ್ತದೊತ್ತಡ, ಉಸಿರಾಟಗಳು ಮೊದಲಿದ್ದುದಕ್ಕಿಂತಲೂ ಕೆಳಗಿಳಿದವು! ಸಂಗೀತದ ನಡುವೆ ಬರುವ ಮೌನಕ್ಕೆ ಅಷ್ಟು ಶಕ್ತಿ. ಒಂಬತ್ತು ಗಂಟೆ ಎಡೆಬಿಡದೆ ಕೇಳುವವರು ಕಳೆದುಕೊಳ್ಳುತ್ತಿರುವುದು ಇದನ್ನೇ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ, ಎದ್ದು ನೀರು ಕುಡಿದು, ಕಿಟಕಿಯಾಚೆ ದೂರದ ಮರವನ್ನೊಮ್ಮೆ ನೋಡಿ ಬನ್ನಿ.

ಕಿವಿಯ ಲೆಕ್ಕಾಚಾರ

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಅಲೆಯನ್ನು ನರದ ಸಂದೇಶವಾಗಿ ಮಾರ್ಪಡಿಸುವ ಕೆಲಸ ಅವುಗಳದು. ಚರ್ಮ ತರಚಿದರೆ ಮತ್ತೆ ಬೆಳೆಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಮನುಷ್ಯನ ಈ ರೋಮಕೋಶಗಳು ಸತ್ತರೆ ಸತ್ತವು. ಅವನ್ನು ಮತ್ತೆ ಬೆಳೆಸುವ ಔಷಧಿ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ ಶಬ್ದ 80 ಡೆಸಿಬಲ್ ಮೀರಬಾರದು. ಮಕ್ಕಳಿಗೆ ಈ ಮಿತಿ 75. ಡೆಸಿಬಲ್ ಲೆಕ್ಕ ನಮ್ಮ ಮಾಮೂಲಿ ಕೂಡುಲೆಕ್ಕದಂತಲ್ಲ. ಮೂರು ಡೆಸಿಬಲ್ ಏರಿತೆಂದರೆ ಶಬ್ದದ ಶಕ್ತಿ ಇಮ್ಮಡಿ, ಸುರಕ್ಷಿತ ಸಮಯ ಅರ್ಧ. 83ಕ್ಕೆ ವಾರಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. 95 ಡೆಸಿಬಲ್ ಆದರೆ ಇಡೀ ವಾರಕ್ಕೆ ಒಂದೂಕಾಲು ಗಂಟೆ! ಪತ್ರದಲ್ಲಿ ಹೇಳಿರುವ ಯುವಕ ದಿನಕ್ಕೆ ಒಂಬತ್ತು ಗಂಟೆಯಂತೆ ಆರು ದಿನ ಕೇಳಿದರೆ 54 ಗಂಟೆಯಾಯಿತು. ಅವರಿಗೆ 80 ಕೂಡ ಹೆಚ್ಚೇ. ಮಾಮೂಲಿ ಮಾತುಕತೆಯ ಮಟ್ಟ ಸುಮಾರು 60 ಡೆಸಿಬಲ್. ಕೆಲಸದ ಹಿನ್ನೆಲೆ ಸಂಗೀತ ಅದಕ್ಕಿಂತ ಮೇಲೆ ಹೋಗಬೇಕಾದ ಕಾರಣವೇ ಇಲ್ಲ. ಈನೊ ಮಲಗಿ ಕೇಳಿದ್ದು ಮಳೆಗಿಂತಲೂ ಮೆಲ್ಲಗಿತ್ತು.

ಅಪಾಯ ಬರುವುದು ಸುತ್ತ ಗದ್ದಲವಿದ್ದಾಗ. ಬಸ್ಸಿನಲ್ಲಿ, ಜನರೇಟರ್ ಪಕ್ಕದಲ್ಲಿ, ಹಳೆಯ ಫ್ಯಾನಿನ ಕೆಳಗೆ ಕುಳಿತಾಗ ಗೊತ್ತಿಲ್ಲದೆಯೇ ಧ್ವನಿ ಏರಿಸುತ್ತೇವೆ. ಮನೆಗೆ ಬಂದ ಮೇಲೂ ಅದು ಅಲ್ಲೇ ಉಳಿಯುತ್ತದೆ. ಮೊಬೈಲಿನ ಗರಿಷ್ಠ ಧ್ವನಿಯ ಶೇ. 60ಕ್ಕಿಂತ ಕೆಳಗಿಡಿ. ಒಂದು ಸುಲಭ ಪರೀಕ್ಷೆ: ಒಂದು ಮಾರು ದೂರದಿಂದ ಯಾರಾದರೂ ಸಹಜ ಧ್ವನಿಯಲ್ಲಿ ‘ಊಟಕ್ಕೆ ಬಾ’ ಎಂದರೆ ಇಯರ್‌ಫೋನ್ ಹಾಕಿರುವವರಿಗೆ ಕೇಳಿಸಬೇಕು. ಹೊರಗಿನ ಗದ್ದಲವನ್ನು ತಗ್ಗಿಸುವ ಹೆಡ್‌ಫೋನ್‌ಗಳಿಗೆ ಈ ಪರೀಕ್ಷೆ ಸಲ್ಲದು. ಅವುಗಳಿಂದ ಧ್ವನಿ ಏರಿಸುವ ಚಪಲ ಕಡಿಮೆಯಾಗುತ್ತದೆ ಎಂಬುದು ಲಾಭ. ರಸ್ತೆಯಲ್ಲಿ ಮಾತ್ರ ಅವು ಬೇಡವೇ ಬೇಡ. ಒಬ್ಬರೇ ಇರುವ ಕೋಣೆಯಾದರೆ ಇಯರ್‌ಫೋನ್ ತೆಗೆದಿಟ್ಟು ಮೇಜಿನ ಮೇಲೊಂದು ಚಿಕ್ಕ ಸ್ಪೀಕರ್ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಗುಗ್ಗೆಯನ್ನು ಒಳಕ್ಕೆ ತಳ್ಳುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ತೇವ ಕಟ್ಟಿ ಬೂಷ್ಟು ಬೆಳೆಯುವುದೂ ಉಂಟು. ವಿಪರೀತ ತುರಿಕೆ ಅದರ ಲಕ್ಷಣ. ಅದಕ್ಕೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುವುದು, ಹೇರ್‌ಪಿನ್ ಹಾಕುವುದು ಬೇಡ. ಒಬ್ಬರ ಇಯರ್‌ಫೋನ್ ಇನ್ನೊಬ್ಬರು ಬಳಸುವುದೂ ಬೇಡ.

ಏನು ಕೇಳಬಹುದು?

ವೈದ್ಯರ ಅಂಕಣದಲ್ಲಿ ಸಂಗೀತದ ಪಟ್ಟಿ ಏಕೆ ಎನ್ನಬೇಡಿ. ಹೊಸದಾಗಿ ಶುರುಮಾಡುವವರು ಕೇಳುತ್ತಾರೆ. ಈನೊ ಅವರ ಎರಡು ತಟ್ಟೆಗಳನ್ನು ಆಗಲೇ ಹೇಳಿದೆ. ಹೆರಾಲ್ಡ್ ಬಡ್ ಅವರೊಡನೆ ಈನೊ 1980ರಲ್ಲಿ ಮಾಡಿದ ‘ದಿ ಪ್ಲಾಟೊ ಆಫ್ ಮಿರರ್’ನಲ್ಲಿ ಪಿಯಾನೊ ಬಹಳ ಮೃದುವಾಗಿದೆ. ಜಪಾನಿನ ಹಿರೋಷಿ ಯೋಷಿಮುರ ಅವರ 1982ರ ‘ಮ್ಯೂಸಿಕ್ ಫಾರ್ ನೈನ್ ಪೋಸ್ಟ್ ಕಾರ್ಡ್ಸ್’ ಲೆಕ್ಕಪತ್ರದ ಕೆಲಸಕ್ಕೆ ನನಗೆ ತಿಳಿದ ಮಟ್ಟಿಗೆ ಬಹಳ ಒಗ್ಗುವಂಥದು. ಸ್ಟೀವ್ ರೋಚ್ ಅವರ 1984ರ ‘ಸ್ಟ್ರಕ್ಚರ್ಸ್ ಫ್ರಮ್ ಸೈಲೆನ್ಸ್’ ಸಂಜೆಗೆ ಚೆನ್ನ. ತುಸು ಮಿಡಿತ ಬೇಕೆನ್ನುವವರು ಜರ್ಮನಿಯ ಟ್ಯಾಂಜರೀನ್ ಡ್ರೀಮ್ ತಂಡದ ‘ಫೀಡ್ರಾ’ (1974) ಕೇಳಬಹುದು. ಏಫೆಕ್ಸ್ ಟ್ವಿನ್ ಅವರ 1994ರ ಎರಡನೆಯ ಆ್ಯಂಬಿಯೆಂಟ್ ಸಂಪುಟದಲ್ಲಿ ಕೆಲವು ರಚನೆಗಳು ದಿಗಿಲು ಹುಟ್ಟಿಸುತ್ತವೆ. ನಿದ್ದೆ ಸರಿ ಬಾರದವರು ರಾತ್ರಿ ಅದರ ತಂಟೆಗೆ ಹೋಗಬೇಡಿ.

ನಮ್ಮ ದೇಶಕ್ಕೂ ಇದು ತೀರಾ ಹೊಸದಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಅಮೆರಿಕದ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೊ ಸ್ಥಾಪನೆಯಾಗಿತ್ತು. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ಡಿಸ್ಕೊ ತಾಳಕ್ಕೆ ನುಡಿಸಿದರು. ಅದು ಲೆಕ್ಕ ಬರೆಯಲು ಆಗದು, ಮನೆ ಗುಡಿಸಲು ಬಹಳ ಚೆನ್ನ. ಇದೆಲ್ಲ ಬೇಡವೆನ್ನುವವರಿಗೆ ತಂಬೂರಿ ಇದ್ದೇ ಇದೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿದವರಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಪ್ರಮುಖರು. ಆದರೆ ಕರ್ನಾಟಕ ಸಂಗೀತ ಬಲ್ಲವರು ಕೆಲಸದ ಹೊತ್ತಿಗೆ ರಾಗಾಲಾಪನೆ ಹಾಕಿಕೊಳ್ಳಬಾರದು. ಇದು ಆರಭಿಯೋ ಶುದ್ಧಸಾವೇರಿಯೋ ಎಂಬ ವಿಚಾರಣೆಯಲ್ಲೇ ಕಡತ ಉಳಿದುಬಿಡುತ್ತದೆ.

ಮಗನನ್ನು ಒಂದು ಮಾತು ಕೇಳಿ

ಈಗ ಆ ತಾಯಿಗೆ ಮುಖ್ಯವಾದ ಮಾತು. ‘ಇದಿಲ್ಲದೆ ಮನಸ್ಸು ನಿಲ್ಲುವುದಿಲ್ಲ’ ಎಂದು ಮಗ ಹೇಳಿದ್ದಾರಷ್ಟೆ. ರಾತ್ರಿ ಫ್ಯಾನ್ ಆರಿಸಿ, ಇಯರ್‌ಫೋನ್ ತೆಗೆದು, ನಿಶ್ಶಬ್ದದಲ್ಲಿ ಐದು ನಿಮಿಷ ಕೂರಲು ಹೇಳಿ. ಏನಾದರೂ ಕೇಳಿಸುತ್ತದೆಯೇ ಎಂದು ಕೇಳಿ. ಜೀರುಂಡೆಯ ಸದ್ದು, ಕುಕ್ಕರ್ ಸೀಟಿಯಂಥ ಗುಂಯ್ ಎನ್ನುವ ನಾದ ಸದಾ ಇದೆ ಎಂದರೆ, ಅವರು ಸಂಗೀತದಿಂದ ಮುಚ್ಚುತ್ತಿರುವುದು ಬೀದಿಯ ಗದ್ದಲವನ್ನಲ್ಲ, ತಮ್ಮ ಕಿವಿಯೊಳಗಿನ ಸದ್ದನ್ನು. ಎಷ್ಟೋ ಜನಕ್ಕೆ ಇದು ಕಾಯಿಲೆಯ ಲಕ್ಷಣವೆಂದೇ ಗೊತ್ತಿರುವುದಿಲ್ಲ. ಮೌನ ಸಹಿಸಲು ಆಗುವುದಿಲ್ಲ ಎಂದಷ್ಟೇ ಹೇಳುತ್ತಾರೆ. ರೋಮಕೋಶಗಳಿಗೆ ಪೆಟ್ಟು ಬಿದ್ದಾಗ ಬರುವ ಸದ್ದು ಇದಾಗಿರಬಹುದು. ಬರೀ ಗುಗ್ಗೆ ಕಟ್ಟಿದ್ದರೂ, ಕೆಲವು ಔಷಧಿಗಳಿಂದಲೂ ಬರಬಹುದು. ಮೆಲುವಾದ ಹಿನ್ನೆಲೆ ಧ್ವನಿಯಿಂದ ಇಂಥವರಿಗೆ ನೆಮ್ಮದಿ ಸಿಗುವುದು ನಿಜ, ವೈದ್ಯರೂ ಅದನ್ನು ಸೂಚಿಸುತ್ತಾರೆ. ಆದರೆ ಮೊದಲು ಕಾರಣ ತಿಳಿಯಬೇಕು. ಕಿವಿಯಲ್ಲಿ ಏನೂ ಇಲ್ಲದೆ, ನಿದ್ದೆ, ಹಸಿವು, ಉತ್ಸಾಹಗಳು ಎರಡು ವಾರದಿಂದ ಕೆಟ್ಟಿದ್ದರೆ ಅದನ್ನೂ ವೈದ್ಯರ ಬಳಿ ಮುಚ್ಚುಮರೆಯಿಲ್ಲದೆ ಹೇಳಲಿ.

ಒಂದು ತುರ್ತು ಸ್ಥಿತಿಯನ್ನು ಎಲ್ಲರೂ ತಿಳಿದಿರಬೇಕು. ಬೆಳಗ್ಗೆ ಎದ್ದಾಗಲೋ ಕೆಲಸದ ನಡುವೆಯೋ ಇದ್ದಕ್ಕಿದ್ದಂತೆ ಒಂದು ಕಿವಿ ಮಂದವಾದರೆ, ಜೊತೆಗೆ ಸದ್ದು ಅಥವಾ ತಲೆಸುತ್ತು ಬಂದರೆ, ಗುಗ್ಗೆಯೆಂದೋ ಶೀತವೆಂದೋ ವಾರಗಟ್ಟಲೆ ಕಾಯಬೇಡಿ. ಅಂದೇ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ಒಳಕಿವಿಯ ಹಠಾತ್ ಕಿವುಡಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಎರಡು ವಾರ ಕಳೆದ ಮೇಲೆ ಅದರ ಪ್ರಯೋಜನ ಬಹಳ ಕಡಿಮೆ.

ಉಳಿದವರಿಗೆ ಆಡಿಯೋಗ್ರಾಂ ಎಂಬ ಶ್ರವಣ ಪರೀಕ್ಷೆ ಸಾಕು. ನೋವಿಲ್ಲ, ಸೂಜಿಯಿಲ್ಲ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ವಿಚಾರಿಸಿ. ಪರೀಕ್ಷೆಗೆ ಹೋಗುವ ಹಿಂದಿನ ದಿನದಿಂದಲೇ ಇಯರ್‌ಫೋನ್ ಬಳಸಬಾರದು. ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.